ಸಾವಾ ಎಂದ ಬೇಕರಿಯಮ್ಮ

ಕನ್ನಡ, ತಮಿಳು, ತೆಲುಗು ಮೂರೂ ಬರುವವರು ಎಲ್ಲಿ ಹೋದರೂ ಬದುಕುತ್ತಾರೆ ಎಂದು ಹೊಸೂರಿನ ಪಕ್ಕದ ನಮ್ಮ ಮತ್ತಿಗಿರಿಯಲ್ಲಿ ಎಲ್ಲರೂ ನಂಬಿದ್ದೇವೆ. ಹಾಗೆ ನಂಬಿದವರಿಗೇ ಮಾತಿನ ಫಜೀತಿ ಮತ್ತೆ ಮತ್ತೆ ಆಗುವುದು. ಜೊತೆಗೆ ನಮ್ಮತ್ತೆ ಇದ್ದರಂತೂ ದಿನಕ್ಕೊಂದು ಗ್ಯಾರಂಟಿ.

ಬೆಳಗಿನ ವಿಚಾರಣೆ

ಹೊಸೂರಿನ ಫ್ಯಾಕ್ಟರಿಯವರು ನಮ್ಮ ಯಜಮಾನರನ್ನು ಒಂದು ತಿಂಗಳ ಟ್ರೈನಿಂಗಿಗೆ ಫ್ರಾನ್ಸಿಗೆ ಕಳಿಸಿದಾಗ ಅತ್ತೆಯೂ ನಾನೂ ಜೊತೆಗೆ ಹೊರಟೆವು. ನಾವಿದ್ದ ಬೀದಿಯ ಮೂಲೆಯಲ್ಲೇ ಒಂದು ಕೇಕಿನ ಅಂಗಡಿ. ಅಲ್ಲಿ ಅದಕ್ಕೆ ಪಾಟಿಸ್ರಿ ಅನ್ನುತ್ತಾರೆ. ಮೊದಲ ದಿನ ಬೆಳಿಗ್ಗೆ ಒಳಗೆ ಕಾಲಿಟ್ಟದ್ದೇ ತಡ, ಅಂಗಡಿಯಾಕೆ ಅತ್ತೆಯ ಮುಖ ನೋಡಿ ನಗುತ್ತಾ "ಸಾವಾ?" ಎಂದರು.

ಅತ್ತೆ ಅಲ್ಲೇ ನಿಂತುಬಿಟ್ಟರು. ಕನ್ನಡ ಬಿಟ್ಟು ತಮಿಳಿನಲ್ಲಿ ಅರ್ಥ ಮಾಡಿಕೊಳ್ಳೋಣವೆಂದರೆ ಅಲ್ಲೂ ಸಾವೇ. ತೆಲುಗಿನಲ್ಲಿ ಚಾವು. ಹೊರಗೆ ಬಂದವರೇ ನನ್ನ ಕೈ ಹಿಡಿದುಕೊಂಡರು.

"ನನ್ನ ಊರಿಗೆ ಕಳಿಸ್ಬುಡು ಕಣಮ್ಮ. ಸಾಯೋದಾದ್ರೆ ಮತ್ತಿಗಿರೀಲೇ ಸಾಯ್ತೀನಿ."

ಅತ್ತೆ ಹೊರಟರೆ ನಾನೂ ಹೊರಡಬೇಕು. ನನಗೋ ಆ ಗಾಜಿನ ಹಿಂದಿದ್ದ ಒಂದೊಂದು ಸಿಹಿಯ ರುಚಿಯನ್ನೂ ನೋಡುವ ಆಸೆ. ಸಂಜೆ ಯಜಮಾನರು ಬಂದು, ಅದು "ಚೆನ್ನಾಗಿದ್ದೀರಾ" ಅನ್ನುವ ಮಾತು ಎಂದು ಬಿಡಿಸಿ ಹೇಳಿದ ಮೇಲೆ ನನಗೆ ಹೋದ ಜೀವ ಬಂತು. ಅತ್ತೆ ಮಾತ್ರ, ಒಳ್ಳೇದು ಕೇಳೋಕೆ ಇವರಿಗೆ ಬೇರೆ ಮಾತೇ ಸಿಗಲಿಲ್ವಾ ಎಂದರು.

ಕೋಳಿ ಪ್ರಕರಣ

ಅತ್ತೆ ಮೊಟ್ಟೆ ಮುಟ್ಟುವುದಿಲ್ಲ. ತಿನ್ನಲು ಏನೂ ಸಿಗದಿದ್ದರೆ ಮತ್ತೆ ಊರಿನ ಜಪ ಶುರುವಾಗುತ್ತದೆಂದು ನನಗೆ ಭಯ. ನಾನು ಫೋನಿನಲ್ಲಿ ಫ್ರೆಂಚ್ ಪದ ಹುಡುಕುವಷ್ಟರಲ್ಲಿ ಅವರೇ ಮುಂದೆ ಹೋಗಿ, ಮೊಣಕೈ ಎರಡನ್ನೂ ಬಡಿದು ಕೊಕ್ಕೊಕ್ಕೋ ಎಂದು, ಬೇಡವೆಂದು ಕೈ ಆಡಿಸಿದರು. ಅಂಗಡಿಯಾಕೆಗೆ ತಕ್ಷಣ ಅರ್ಥವಾಯಿತು. ಎದೆಯ ಮೇಲೆ ಕೈಯಿಟ್ಟು, ನಮ್ಮ ಯಾವ ಕೇಕಿನಲ್ಲೂ ಕೋಳಿ ಹಾಕುವುದಿಲ್ಲ ಎಂದು ಸನ್ನೆಯಲ್ಲೇ ಭರವಸೆ ಕೊಟ್ಟರು.

ಕೊನೆಗೆ ಫೋನು ತೋರಿಸಿದ ಮೇಲೆ, ಮೈದಾ, ಬೆಣ್ಣೆ, ಸಕ್ಕರೆ ಬಿಟ್ಟು ಇನ್ನೇನೂ ಇಲ್ಲದ, ಕಿವಿಯಾಕಾರದ ಗರಿಗರಿ ಬಿಸ್ಕತ್ತು ಕೊಟ್ಟರು. ಅತ್ತೆ ಕಣ್ಣು ಮುಚ್ಚಿ ಸವಿದರು. ಹೊಸೂರು ಬಸ್ ಸ್ಟ್ಯಾಂಡ್ ಬೇಕರಿಯದೇ ಇನ್ನೂ ಚೆನ್ನಾಗಿರುತ್ತದೆ ಎಂದು ಹೇಳಿ ಎರಡನೆಯದಕ್ಕೆ ಕೈ ಚಾಚಿದರು.

ನಿಪ್ಪಟ್ಟು

ಆಮೇಲೆ ಇಬ್ಬರಿಗೂ ಬಿಡದ ಸ್ನೇಹ. ಅತ್ತೆ ಕನ್ನಡದಲ್ಲಿ ಸೊಸೆಯ ದೂರು ಹೇಳುವರು, ಆಕೆ ಫ್ರೆಂಚಿನಲ್ಲಿ ತಲೆದೂಗುವರು. ಹೊರಡುವ ದಿನ ಅತ್ತೆ ಊರಿಂದ ತಂದಿದ್ದ ನಿಪ್ಪಟ್ಟು ಕೊಟ್ಟರು. ಆಕೆ ಅದನ್ನು ತಟ್ಟೆಯಲ್ಲಿಟ್ಟು, ಚಾಕು, ಫೋರ್ಕಿನಲ್ಲಿ ಒಡೆದು ಬಾಯಿಗಿಟ್ಟರು. ಖಾರಕ್ಕೆ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು, ಬಿಡದ ಕೆಮ್ಮು.

ಅತ್ತೆ ಗಾಬರಿಯಿಂದ ಬೆನ್ನು ಸವರುತ್ತಾ, ಕಲಿತಿದ್ದ ಒಂದೇ ಒಂದು ಫ್ರೆಂಚ್ ಮಾತನ್ನು ಮೊದಲ ಸಲ ಆಡಿದರು. "ಸಾವಾ?"

ಆಕೆ ಕೆಮ್ಮುತ್ತಲೇ ನಕ್ಕು ಅತ್ತೆಯನ್ನು ಅಪ್ಪಿಕೊಂಡರು. ಇಬ್ಬರೂ ಅತ್ತರು. ನನ್ನ ಕಣ್ಣೂ ಒದ್ದೆಯಾಯಿತು.

ಅವಲಪಲ್ಲಿಯಲ್ಲಿ ಫ್ರೆಂಚ್

ಊರಿಗೆ ಬಂದ ಮಾರನೆಯ ದಿನವೇ ಅವಲಪಲ್ಲಿಗೆ ಹೋದೆವು. ಅತ್ತೆಯ ತಮ್ಮ, ಅಂದರೆ ನಮ್ಮ ಚಿಕ್ಕಮಾವ, ಎದೆಯ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದಿದ್ದರು. ಮಂಚದ ಸುತ್ತ ನೆಂಟರೆಲ್ಲ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದರು. ತಮ್ಮನಿಗೆ ಏನಾಗಿದೆಯೋ ಎಂದು ದಾರಿಯುದ್ದಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದ ಅತ್ತೆ, ಅವರು ದಿಂಬಿಗೊರಗಿ ಕೂತಿದ್ದನ್ನು ಕಂಡ ಖುಷಿಗೆ ಮೈಮರೆತು, ಗಲ್ಲ ಹಿಡಿದು ಅಕ್ಕರೆಯಿಂದ ಕೇಳಿಯೇಬಿಟ್ಟರು. "ಸಾವಾ?"

ನೆಂಟರೆಲ್ಲ ಅತ್ತೆಯ ಕಡೆ ತಿರುಗಿದರು. ಆರೈಕೆಗೆ ಬಂದಿದ್ದ ತಮಿಳಿನ ನರ್ಸಮ್ಮನಿಗೂ ತೆಲುಗಿನ ಬೀಗರಿಗೂ ಭಾಷಾಂತರ ಬೇಕಾಗಲಿಲ್ಲ.

ಚಿಕ್ಕಮಾವ ಮಾತ್ರ ಮಂಚದ ಅಂಚು ತಟ್ಟಿ ಹೇಳಿದರು. "ಇನ್ನೂ ಇಲ್ಲ ಕಣಕ್ಕ. ಅಲ್ಲೀಗಂಟ ಕೂತ್ಕೊ, ಕಾಪಿ ಕುಡ್ಯೋವಂತೆ."