ಹೆಬ್ಬಾತಿಗಾಗಿ ಕಲಿತ ಕೆಮ್ಮು

ಪಟ್ಟೆತಲೆ ಹೆಬ್ಬಾತಿನ ನೆತ್ತಿಯ ಹಿಂದೆ ಎರಡು ಕಪ್ಪು ಪಟ್ಟೆಗಳಿರುತ್ತವೆ. ಮೇಲಿನದು ಉದ್ದ, ಕೆಳಗಿನದು ಗಿಡ್ಡ. ಇಷ್ಟನ್ನು ನಾನು ನಿಖರವಾಗಿ ಬಲ್ಲೆ. ಹೆಬ್ಬಾತು ಕಾಣುವ ಹೊತ್ತಿನಲ್ಲಿ ನಮ್ಮೂರ ಕೆರೆಯಲ್ಲಿ ಬೇರೇನು ಕಾಣುತ್ತದೆಂಬುದು ಮಾತ್ರ, ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದಮೇಲೂ ಹೊಳೆದಿರಲಿಲ್ಲ.

ನನಗೆ ಮಾತು ಕಡಿಮೆ. ಪಾಠ ಹೇಳಲು ಚಿಂತಾಮಣಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಿಗೆ ಊರ ಹೆಸರನ್ನೂ ಹೇಳುವುದಿಲ್ಲ. ಸರಿಯಾದ ಚಿಲ್ಲರೆ ಚಾಚುತ್ತೇನೆ, ಅವನೇ ತಿಳಿದುಕೊಳ್ಳುತ್ತಾನೆ. ಹಕ್ಕಿಗಳು ನನಗೆ ಒಗ್ಗಿದ್ದು ಇದಕ್ಕೇ ಇರಬೇಕು. ಮದುವೆ ಯಾವಾಗ ಎಂದು ಅವು ಕೇಳುವುದಿಲ್ಲ. ಹಿಮಾಲಯದಾಚೆಯಿಂದ ಚಳಿಗಾಲಕ್ಕೆ ನಮ್ಮ ಕೆಂಚಾರ್ಲಹಳ್ಳಿಯ ಕಡೆ ಬರುವ ಈ ಹೆಬ್ಬಾತುಗಳು ಬೇಸಿಗೆ ಸಮೀಪಿಸುತ್ತಿದ್ದಂತೆ ಒಂದು ಬೆಳಗ್ಗೆ ಒಟ್ಟಿಗೆ ಎದ್ದು ಹೋಗಿಬಿಡುತ್ತವೆ. ಆ ಏಳುವುದನ್ನು ನೋಡಬೇಕೆಂಬುದು ನನ್ನ ಆಸೆ. ಮಿಲಿಟರಿಯಲ್ಲಿದ್ದ ಚಿಕ್ಕಪ್ಪನ ದುರ್ಬೀನು ಹಿಡಿದು, ನಸುಕಿನಲ್ಲೇ ಹೋಗಿ ಕೆರೆ ಏರಿಯ ಮೇಲೆ ನಿಲ್ಲತೊಡಗಿದೆ. ಊರ ಗಂಡಸರು ಚೊಂಬು ಹಿಡಿದು ನೀರಂಚಿನ ಜಾಲಿ ಪೊದೆಗಳಿಗೆ ಬರುವುದೂ ಆ ಹೊತ್ತಿಗೇ.

ವಾರದೊಳಗೆ ಪಕ್ಕದ ಮನೆಯ ಮುನಿಯಪ್ಪ ಮಾವ ಬಂದು ಜಗಲಿಯಲ್ಲಿ ಕೂತರು. ರೇಷ್ಮೆಹುಳು ಸಾಕುವವರು, ಹುಳುಗಳಿಗೆ ಸದ್ದು ಆಗುವುದಿಲ್ಲವೆಂದು ಮನೆಯಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ಹೊರಗೆ ಬಂದರೆ ಕೂಗಿಯೇ ಮಾತಾಡುತ್ತಾರೆ.

“ತಪ್ಪು ತಿಳ್ಕೋಬೇಡ ಅಕ್ಕ,” ಎಂದರು ಅಮ್ಮನಿಗೆ, ಬೀದಿಗೆಲ್ಲ ಕೇಳುವಂತೆ. “ಹುಡುಗಿ ದುರ್ಬೀನು ನಮ್ ಕಡೀಕೇ ತಿರುಗಿರ್ತದೆ. ನಾವು ಕೂತಿರೋದಾ, ಎದ್ದು ನಮಸ್ಕಾರ ಮಾಡೋದಾ?”

“ನಾನು ಹೆಬ್ಬಾತು ಮಾತ್ರ ನೋಡೋದು, ಮಾವ.”

“ಅವು ನಮ್ ಪಕ್ಕದಾಗೇ ಇರ್ತವಲ್ಲಮ್ಮ! ಊರೆಲ್ಲ ಈಗ ನೀಲಗಿರಿ ತೋಪಿಗೆ ಹೋಯ್ತಾ ಐತೆ. ನನ್ ಮೊಣಕಾಲು ಅಲ್ಲೀಗಂಟ ಬರಲ್ಲ ಅಂತದೆ.”

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. “ನಾಳೆಯಿಂದ ಕೆರೆ ಕಡೆ ಕಾಲಿಡು, ನೋಡ್ತೀನಿ. ಗಂಡಿನ ಕಡೆಯೋರ ಕಿವಿಗೆ ಬಿದ್ರೆ ಏನಂದುಕೊಂಡಾರೆ?”

ಗಂಡಿನ ಕಡೆಯವರೆಂಬುವರು ಇನ್ನೂ ಯಾರೂ ಇರಲಿಲ್ಲ. ಆದರೂ ಹೆಬ್ಬಾತುಗಳು ಕೈತಪ್ಪಿದವು ಅಂದುಕೊಂಡೆ. ಕೊನೆಗೆ ಕನಿಕರಪಟ್ಟವರು ಮುನಿಯಪ್ಪ ಮಾವನೇ.

“ಹಂಗನ್ಬೇಡಕ್ಕ. ಏರಿ ಹತ್ತೋ ಮುಂಚೆ ಒಂದ್ಸಲ ಕೆಮ್ಮಲಿ. ಊರ ಕಡೆ ಮುಖ ಮಾಡಿ ನಿಂತ್ಕಳ್ಳಲಿ. ನಾವು ವಾಪಸ್ ಕೆಮ್ಮಿದ್ಮೇಲೆ ಎಷ್ಟಾನಾ ನೋಡ್ಕಳ್ಳಲಿ.”

ಒಪ್ಪಿದೆ. ಆ ಸಂಜೆ ಹಿತ್ತಲಿನಲ್ಲಿ ಕೆಮ್ಮಿ ಅಭ್ಯಾಸ ಮಾಡಿದೆ. ಮುನಿಯಪ್ಪ ಮಾವನ ಹೆಂಡತಿ ವಿಷಯ ತಿಳಿಯದೆ ಗೋಡೆಯ ಮೇಲಿಂದ ಶುಂಠಿ ಕಷಾಯ ಚಾಚಿದರು.

ಮರುದಿನ ಬೆಳಗ್ಗೆ ಏರಿಯ ಬುಡದಲ್ಲಿ ನಿಂತು ಕೆಮ್ಮಿದೆ. ಮೊದಲನೆಯದು ಎಷ್ಟು ಸಭ್ಯವಾಗಿತ್ತೆಂದರೆ ನನಗೇ ಕೇಳಿಸಲಿಲ್ಲ. ಎರಡನೆಯದನ್ನು ತೀರಿಹೋದ ತಾತನ ಕೆಮ್ಮನ್ನು ನೆನೆದು ಕೆಮ್ಮಿದೆ. ಏರಿ ಹತ್ತಿ, ಊರ ಕಡೆ ಮುಖ ಮಾಡಿ ನಿಂತೆ. ಆಗ ಬೆನ್ನ ಹಿಂದೆ, ಒಣಗಿದ ಸೀರೆಗಳನ್ನು ಹತ್ತಾರು ಜನ ಒಟ್ಟಿಗೆ ಕೊಡವಿದಂಥ ಸದ್ದು. ರೆಕ್ಕೆಗಳು. ಆಮೇಲೆ ಕೂಗು. ಚಳಿಗಾಲವಿಡೀ ಆಸೆಪಟ್ಟದ್ದು ನನ್ನ ಹಿಂದೆ ನಡೆಯುತ್ತಿತ್ತು, ಆದರೆ ಮಾತು ಕೊಟ್ಟಾಗಿತ್ತು. ಕಣ್ಣೆದುರಿಗಿದ್ದ ನಮ್ಮ ಮನೆಯ ಹಂಚುಗಳನ್ನೇ ನೋಡುತ್ತ ನಿಂತೆ. ಕೂಗು ಉತ್ತರಕ್ಕೆ ಸರಿಯುತ್ತ ಸರಿಯುತ್ತ ತೆಳ್ಳಗಾಯಿತು.

ಅದಾಗಿ ಸ್ವಲ್ಪ ಹೊತ್ತಿಗೆ ಒಂದು ನೆಮ್ಮದಿಯ ಕೆಮ್ಮು ಕೇಳಿಸಿತು. ಮುನಿಯಪ್ಪ ಮಾವ ಚೊಂಬು ಹಿಡಿದು ಏರಿ ಹತ್ತಿ ಬಂದರು. ಅಷ್ಟು ಪ್ರಸನ್ನವಾದ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ.

“ಏನ್ ಚೆಂದ ಎದ್ವಮ್ಮ! ಸಾಲು ಕಟ್ಕೊಂಡು! ನಾನು ಕೂತಲ್ಲಿಂದ್ಲೇ ಪೂರಾ ನೋಡ್ದೆ. ನೀನೂ ನೋಡ್ದೆ ಅಲ್ವಾ?”

“ನೋಡಿದೆ, ಮಾವ,” ಎಂದೆ. ಅವರು ತಿರುಗಿ ನೋಡಿದರೆ ಇರಲಿ ಎಂದು ದುರ್ಬೀನನ್ನು ಕಣ್ಣಿಗೇರಿಸಿ, ಅವರು ಊರು ಸೇರುವವರೆಗೂ ಖಾಲಿ ನೀರನ್ನು ನೋಡುತ್ತ ನಿಂತೆ.