ಭಾನುವಾರಕ್ಕೆ ಮೊದಲು ಬಿದ್ದ ಹಿಮ

ನಮ್ಮ ಮನೆಯವರು ಎಲ್ಲಿಗೆ ಹೊರಟರೂ ಅಲ್ಲಿನ ಹವಾಮಾನಕ್ಕೆ ಯಾರೋ ಮೊದಲೇ ಸುದ್ದಿ ಮುಟ್ಟಿಸಿರುತ್ತಾರೆ. ಮೈಸೂರಿಗೆ ಹೋದರೆ ನಾವು ಇಳಿದ ದಿನವೇ ಮಳೆ ಹಿಡಿದು ಕರೆಂಟು ಹೋಗುತ್ತದೆ. ಕುವೈತಿನ ಅಬು ಹಲೀಫಾದ ನಮ್ಮ ಫ್ಲಾಟಿನಿಂದ ಹತ್ತು ನಿಮಿಷ ನಡೆದು ಸಮುದ್ರದ ದಂಡೆಗೆ ಹೋದರೂ ಅಷ್ಟೇ. ಚಾಪೆ ಹಾಸಿ ಚಿತ್ರಾನ್ನದ ಡಬ್ಬಿ ತೆಗೆಯುವ ಹೊತ್ತಿಗೆ ಸರಿಯಾಗಿ ಧೂಳು ಏಳುತ್ತದೆ. ಆದ್ದರಿಂದ ಫೆಬ್ರವರಿಯ ರಾಷ್ಟ್ರೀಯ ದಿನದ ರಜೆಗೆ ಜಾರ್ಜಿಯಾ ದೇಶಕ್ಕೆ ಹೋಗಿ ಹಿಮ ನೋಡಿಕೊಂಡು ಬರೋಣ ಅಂತ ಅಪ್ಪ ಅಂದಾಗ ನನಗೆ ಒಳಗೊಳಗೇ ಪುಕುಪುಕು ಶುರುವಾಯಿತು.

ಅದಕ್ಕೆ ಕಾರಣವೂ ಇತ್ತು. ಒಂದೂವರೆ ವರ್ಷ ಅರ್ಜಿ ಹಾಕಿ ಹಾಕಿ, ಕೊನೆಗೆ ಬ್ನೇದ್ ಅಲ್ ಗಾರ್‌ನ ಒಂದು ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ನನ್ನ ಜೀವನದ ಮೊದಲ ಕೆಲಸ. ರಜೆ ಮುಗಿದ ಮೇಲೆ, ಇಲ್ಲಿ ವಾರದ ಕೆಲಸ ಶುರುವಾಗುವ ಭಾನುವಾರ, ಬೆಳಿಗ್ಗೆ ಏಳೂವರೆಗೆ ಸೇರಬೇಕು. ಆ ಆಫೀಸಿನ ಎಚ್‌ಆರ್ ಸರ್ ಫೋನಿನಲ್ಲಿ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದಲೇ ಹೇಳಿದ್ದರು: ಭಾನುವಾರ ನೀವು ಬರದಿದ್ದರೆ ಪಟ್ಟಿಯಲ್ಲಿ ಮುಂದಿನ ಹೆಸರಿದೆ, ಆ ಹುಡುಗಿ ಸೋಮವಾರ ಬರುತ್ತಾಳೆ. ಆ ಮುಂದಿನ ಹುಡುಗಿಯ ಮುಖ ನಾನು ನೋಡಿಲ್ಲ. ಆದರೆ ಆಮೇಲಿನ ಅಷ್ಟೂ ದಿನ ಅವಳು ನನ್ನ ಪಕ್ಕದಲ್ಲೇ ಇದ್ದಳು.

"ಕೆಲಸಕ್ಕೆ ಸೇರಿದ ಮೇಲೆ ನಿನಗೆ ರಜ ಎಲ್ಲಿ ಸಿಗುತ್ತೆ, ಈಗಲೇ ಹೋಗಿಬಿಡೋಣ ಕಣೇ. ಶುಕ್ರವಾರ ವಾಪಸ್ ಮನೇಲಿರ್ತೀವಿ" ಅಂದಳು ಅಮ್ಮ. ಮೇಲಿನ ಫ್ಲಾಟಿನ ಅಂಕಲ್ ಕೂಡ ಹೊರಟು ನಿಂತರು. ಅವರು ಮಂಗಳೂರಿನ ಕಡೆಯವರು, ಇಲ್ಲಿ ಒಂದು ಹೋಟೆಲಿನ ಮ್ಯಾನೇಜರು. ಆಂಟಿ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದರಿಂದ ಒಬ್ಬರೇ ಇದ್ದರು. ಹೀಗೆ ನಾವು ನಾಲ್ಕು ಜನ.

ಹೊಳೆಯುವ ಜಾಕೆಟ್

ಅಪ್ಪ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಕಾಂಟ್ರಾಕ್ಟ್ ಕಂಪನಿಯ ಇಂಜಿನಿಯರ್. ಅಲ್ಲಿ ಚಳಿಗಾಲಕ್ಕೆ ಕಂಪನಿಯೇ ದಪ್ಪ ಸೇಫ್ಟಿ ಜಾಕೆಟ್ ಕೊಡುತ್ತದೆ. ಕಡುನೀಲಿ ಬಣ್ಣ, ಎದೆಗೂ ಬೆನ್ನಿಗೂ ತೋಳಿಗೂ ಬೆಳಕು ಬಿದ್ದರೆ ಹೊಳೆಯುವ ಬೆಳ್ಳಿಪಟ್ಟಿ. ಎರಡು ದಿನದ ಹಿಮಕ್ಕೆ ಹೊಸ ಜಾಕೆಟ್ ಯಾಕೆ ಅಂತ ಅಪ್ಪ ಜೊತೆಯವರ ಹತ್ತಿರ ಇನ್ನೂ ಮೂರು ಕೇಳಿಕೊಂಡು ಬಂದರು. ಅಮ್ಮ ಅದನ್ನು ಹಾಕಿಕೊಂಡು ಕನ್ನಡಿ ನೋಡಿ, ಇದಕ್ಕೆ ಒಂದು ಹೆಲ್ಮೆಟ್ ಕೊಟ್ಟುಬಿಟ್ಟರೆ ನಾನೂ ಡ್ಯೂಟಿಗೆ ಹೋಗಬಹುದು ಅಂದಳು. ಅಂಕಲ್ ಮಾತ್ರ ಅಪ್ಪನ ಪಕ್ಷ. "ಒಳ್ಳೇದೇ ಆಯ್ತು ಮಾರಾಯ್ರೆ. ಹಿಮದಲ್ಲಿ ಹೂತುಹೋದ್ರೆ ಹುಡುಕ್ಲಿಕ್ಕೆ ಸುಲಭ."

ಮಂಗಳವಾರ ಸಂಜೆ ಗುಡ್ಡದ ಮೇಲಿನ ಹೋಟೆಲ್ ಸೇರಿದೆವು. ಬುಧವಾರ ಬೆಳಿಗ್ಗೆ ಹಿಮ ನೋಡಿದೆವು, ಮುಟ್ಟಿದೆವು, ಫೋಟೋ ತೆಗೆದೆವು. ಬುಧವಾರ ಮಧ್ಯಾಹ್ನ ನಾವು ನೋಡಿದ್ದು ಸಾಲದು ಅನ್ನುವ ಹಾಗೆ ಅದು ಸುರಿಯಲು ಶುರುಮಾಡಿತು. ಗುರುವಾರ ಎದ್ದಾಗ ಹೋಟೆಲಿನ ಮುಂದೆ ನಿಲ್ಲಿಸಿದ್ದ ಕಾರುಗಳ ಜಾಗದಲ್ಲಿ ಬಿಳಿ ದಿಬ್ಬಗಳಿದ್ದವು. ನಮ್ಮ ಡ್ರೈವರ್ ಆ ಊರಿನವನೇ. ಆದರೆ ವರ್ಷವಿಡೀ ಕೊಲ್ಲಿಯವರನ್ನು ಸುತ್ತಾಡಿಸಿ ನಾಲ್ಕು ಅರಬಿ ಮಾತು ಕಲಿತಿದ್ದ. ಬಂದವನು ರಸ್ತೆಯ ಕಡೆ ಕೈ ತೋರಿಸಿ, "ಖಲಾಸ್" ಅಂದ. ಮೇಲೆ ಹೋಗುವ ದಾರಿಯೂ ಬಂದ್, ಕೆಳಗೆ ಇಳಿಯುವ ದಾರಿಯೂ ಬಂದ್.

ಹೋಟೆಲಿನ ಬಾಗಿಲಲ್ಲಿ ನಾವು ನಾಲ್ವರೂ ಒಂದೇ ಥರದ ಜಾಕೆಟ್ ಹಾಕಿಕೊಂಡು ಸಾಲಾಗಿ ನಿಂತು ಆಕಾಶ ನೋಡುತ್ತಿದ್ದೆವು. ಯಾರೋ ಒಬ್ಬರು ಹತ್ತಿರ ಬಂದು, ರಸ್ತೆ ಯಾವಾಗ ತೆರೆಯುತ್ತೆ ಅಂತ ಅಪ್ಪನನ್ನು ಕೇಳಿದರು. ಹಿಂದೆ ಇನ್ನಿಬ್ಬರು ಬಂದು ನಿಂತರು. ನಮಗೆ ಗೊತ್ತಿಲ್ಲ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷ ಇಂಜಿನಿಯರ್ ಆಗಿದ್ದವರ ಬಾಯಲ್ಲಿ ಆ ಮಾತು ಬರುವುದಿಲ್ಲ. ಅಪ್ಪ ಗಾಳಿಗೆ ಮುಖ ಕೊಟ್ಟು, ಸ್ವಲ್ಪ ಯೋಚಿಸಿ, "ಫೋರ್ ಅವರ್ಸ್" ಅಂದರು.

ನಾವು ರೂಮಿಗೆ ಬಂದು ಅರ್ಧ ಗಂಟೆ ಆಗಿರಲಿಲ್ಲ, ಡ್ರೈವರ್ ಓಡಿಕೊಂಡು ಬಂದು ಬಾಗಿಲು ತಟ್ಟಿದ. ಮುಖವೆಲ್ಲ ಅರಳಿತ್ತು. ನಾಲ್ಕು ಗಂಟೆಯಲ್ಲಿ ರಸ್ತೆ ತೆರೆಯುತ್ತದಂತೆ, ರಸ್ತೆ ಇಲಾಖೆಯವರೇ ಬಂದು ಹೇಳಿ ಹೋದರಂತೆ.

ಅಪ್ಪ ನಮ್ಮ ಕಡೆ ತಿರುಗಿ, ನೋಡಿ, ನಾನು ಹೇಳಿದ್ದೇ ಸರಿಯಾಯಿತು, ಬೇಗ ಪ್ಯಾಕ್ ಮಾಡಿ ಅಂದರು.

ಒದ್ದೆ ಟವೆಲ್

ನಾಲ್ಕು ಗಂಟೆ ಕಳೆಯಿತು, ಎಂಟು ಕಳೆಯಿತು. ಪ್ಯಾಕ್ ಮಾಡಿದ್ದನ್ನೆಲ್ಲ ಬಿಚ್ಚಿದೆವು. ಸಂಜೆ ಗಾಳಿ ಜೋರಾಗಿ, ಬಾಲ್ಕನಿ ಬಾಗಿಲಿನ ಸಂದಿಯಿಂದ ಹಿಮ ಸಣ್ಣ ಪುಡಿಯಾಗಿ ಒಳಗೆ ನುಗ್ಗತೊಡಗಿತು.

ಕುವೈತಿನಲ್ಲಿ ಧೂಳು ಎದ್ದಾಗ ಅಮ್ಮ ಮಾಡುವ ಕೆಲಸ ಒಂದೇ. ಹಳೆಯ ಟವೆಲ್‌ಗಳನ್ನು ನೀರಲ್ಲಿ ಅದ್ದಿ, ಹಿಂಡಿ, ಸುರುಳಿ ಸುತ್ತಿ ಬಾಗಿಲಿನ ಬುಡಕ್ಕೆ, ಕಿಟಕಿಯ ಸಂದಿಗೆ ಒತ್ತಿಬಿಡುತ್ತಾಳೆ. ಒಂದು ಕಣ ಧೂಳು ಒಳಗೆ ಬರುವುದಿಲ್ಲ. ನಮ್ಮ ಕಟ್ಟಡದಲ್ಲಿ ಹೊಸದಾಗಿ ಬಂದವರಿಗೆಲ್ಲ ಇದನ್ನು ಹೇಳಿಕೊಟ್ಟವಳೇ ಅವಳು. ಅವತ್ತೂ ಅವಳ ಕೈ ಯೋಚಿಸಲೇ ಇಲ್ಲ. ಹೋಟೆಲಿನ ಎರಡು ದೊಡ್ಡ ಟವೆಲ್ ನೆನೆಸಿ ಬಾಲ್ಕನಿ ಬಾಗಿಲಿಗೆ ಒತ್ತಿ, ಕೈ ಒರೆಸಿಕೊಂಡು, ಈಗ ನೋಡಿ ಅಂದಳು. ನಾವೂ ನೋಡಿದೆವು. ಪುಡಿ ಬರುವುದು ನಿಂತೇಬಿಟ್ಟಿತು. ನಾಲ್ಕು ಜನರಲ್ಲಿ ಒಬ್ಬರಿಗೂ ಹಿಮಕ್ಕೂ ಧೂಳಿಗೂ ಇರುವ ವ್ಯತ್ಯಾಸ ಹೊಳೆಯಲಿಲ್ಲ.

ಬೆಳಿಗ್ಗೆ ಆ ಟವೆಲ್‌ಗಳು ಮರದ ಹಲಗೆಯ ಹಾಗೆ ಬಾಗಿಲಿಗೆ ಅಂಟಿಕೊಂಡಿದ್ದವು. ಎಳೆದರೆ ಬರುವುದಿಲ್ಲ, ಒದ್ದರೆ ಕಾಲು ನೋಯುತ್ತದೆ. ನಾನು ಮೊಣಕಾಲೂರಿ ಕೂತು, ಕೂದಲು ಒಣಗಿಸುವ ಡ್ರೈಯರ್ ಹಿಡಿದು, ಸಂದಿಸಂದಿಗೂ ಬಿಸಿ ಗಾಳಿ ಬಿಟ್ಟು ಒಂದನ್ನು ಬಿಡಿಸಿದೆ. ಅದೇ ಹೊತ್ತಿಗೆ ರೂಮು ಗುಡಿಸುವ ಹೆಂಗಸು ಬಂದಳು. ಅವಳು ಆ ಟವೆಲನ್ನು ಎರಡು ಕೈಯಲ್ಲಿ ಎತ್ತಿ ಗೋಡೆಗೆ ಒರಗಿಸಿದಳು. ಅದು ಕೋಲಿನ ಹಾಗೆ ನೆಟ್ಟಗೆ ನಿಂತಿತು. ಅವಳು ಅದನ್ನು ನೋಡಿದಳು, ನಮ್ಮನ್ನು ನೋಡಿದಳು.

ಅಮ್ಮನಿಗೆ ನಾಚಿಕೆಯಾಗಿ, ಕ್ಷಮಿಸಮ್ಮ ಅನ್ನುವ ಹಾಗೆ ಕೈಮುಗಿದಳು. ಭಾಷೆ ಬಾರದ್ದಕ್ಕೆ, ಗಾಳಿ ಹೇಗೆ ಬರುತ್ತದೆ, ಧೂಳು ಹೇಗೆ ಏಳುತ್ತದೆ ಅಂತ ಎರಡೂ ಕೈ ಮೇಲೆತ್ತಿ, ಸುತ್ತ ತಿರುಗಿಸಿ, ಆಮೇಲೆ ಬಗ್ಗಿ ಬಾಗಿಲಿನ ಬುಡ ಮುಟ್ಟಿ ತೋರಿಸಿದಳು. ಆ ಹೆಂಗಸು ಬಹಳ ಗಂಭೀರವಾಗಿ ನೋಡಿ, ತಲೆಯಾಡಿಸಿ, ದೇವರ ಪೂಜೆ ನೋಡಿದವರ ಹಾಗೆ ತಾನೂ ಒಂದು ಸಲ ಎದೆಯ ಮೇಲೆ ಕೈಯಿಟ್ಟುಕೊಂಡು ಹೋದಳು.

ಅವತ್ತು ಸಂಜೆ ಆ ಹೋಟೆಲಿನಲ್ಲಿ ಕುವೈತಿನಿಂದ ಬಂದಿದ್ದ ಎಲ್ಲರ ರೂಮಿನ ಬಾಗಿಲಲ್ಲೂ ಎರಡೆರಡು ಟವೆಲ್‌ಗಳು, ನೀಟಾಗಿ ನೆನೆಸಿ, ಹಿಂಡಿ, ಸುರುಳಿ ಸುತ್ತಿ ಇಟ್ಟಿದ್ದವು.

ಪುಳಿಮುಂಚಿ

ಅವತ್ತೇ ಶುಕ್ರವಾರ, ನಮ್ಮ ವಿಮಾನ ನಮ್ಮನ್ನು ಬಿಟ್ಟು ಕುವೈತಿಗೆ ಹೋಗಿಯಾಗಿತ್ತು. ಶನಿವಾರ ರಾತ್ರಿಯೊಳಗೆ ರಸ್ತೆ ತೆರೆದರೆ ಉಂಟು, ಇಲ್ಲದಿದ್ದರೆ ಸೋಮವಾರ ಆ ಇನ್ನೊಂದು ಹುಡುಗಿ ನನ್ನ ಕುರ್ಚಿಯಲ್ಲಿ ಕೂತಿರುತ್ತಾಳೆ. ನಾನು ಕಿಟಕಿ ಬಿಟ್ಟು ಏಳಲಿಲ್ಲ. ಅಂಕಲ್ ಬಂದು, ಹೊಟ್ಟೆಗೆ ಸರಿಯಾಗಿ ಬಿದ್ರೆ ಧೈರ್ಯ ಬರ್ತದೆ ಮಗಾ ಅಂದು, ಆಂಟಿ ಊರಿಗೆ ಹೋಗುವ ಮೊದಲು ಮಾಡಿ ಫ್ರೀಜರಿನಲ್ಲಿ ಇಟ್ಟುಹೋಗಿದ್ದ ಬಂಗುಡೆ ಪುಳಿಮುಂಚಿಯ, ಅಂದರೆ ಹುಳಿಖಾರದ ಮೀನುಸಾರಿನ, ವಿಷಯ ತೆಗೆದರು.

ಆ ಸ್ಟೀಲ್ ಡಬ್ಬಿಯನ್ನು ಅವರು ಐದು ಪ್ಲಾಸ್ಟಿಕ್ ಕವರ್ ಸುತ್ತಿ ತಂದಿದ್ದರು. ರೂಮಿನ ಫ್ರಿಜ್ಜು ಚಿಕ್ಕದು, ವಾಸನೆ ಬೇರೆ. ಇಡೀ ಊರೇ ಫ್ರಿಜ್ಜಾಗಿರುವಾಗ ಯೋಚನೆ ಯಾಕೆ ಅಂತ ಬುಧವಾರವೇ ಹೋಟೆಲಿನ ಹಿಂದೆ ಹಿಮದಲ್ಲಿ ಹೂತು, ಗುರುತಿಗೆ ಒಂದು ಕಡ್ಡಿ ನೆಟ್ಟು ಬಂದಿದ್ದರು. ಈಗ ಅಲ್ಲಿ ಕಡ್ಡಿಯೂ ಇಲ್ಲ, ಗುರುತೂ ಇಲ್ಲ. ಎದೆಮಟ್ಟ ಹಿಮ.

ಅಂಕಲ್ ಒಂದು ಸಲಿಕೆ ತಂದು ಅಗೆಯತೊಡಗಿದರು. ಅವರ ಪಾಡು ನೋಡಲಾಗದೆ ಅಪ್ಪನೂ ಸೇರಿದರು. ಇಬ್ಬರೂ ಆ ಹೊಳೆಯುವ ಜಾಕೆಟ್‌ನಲ್ಲಿ, ಮಾತಿಲ್ಲದೆ, ಏದುಸಿರು ಬಿಡುತ್ತ ಅಗೆಯುವುದು ಎಲ್ಲ ಕಿಟಕಿಗಳಿಂದಲೂ ಕಾಣುತ್ತಿತ್ತು. ಮೊದಲು ಹೋಟೆಲಿನ ಅಡುಗೆಯವರು ಓಡಿ ಬಂದರು. ಆಮೇಲೆ ನಮ್ಮ ಡ್ರೈವರ್, ಅವನ ಹಿಂದೆ ಅಮ್ಮ ಮತ್ತು ನಾನು. ಆಮೇಲೆ ಹೆಸರು ಗೊತ್ತಿಲ್ಲದ ಎಷ್ಟೋ ಜನ, ಕೆಲವರು ಬರಿಗೈಯಲ್ಲೇ. ಯಾಕೆ ಅಗೆಯುತ್ತಿದ್ದೀರಿ ಅಂತ ಮಾತ್ರ ಯಾರೂ ಕೇಳಲಿಲ್ಲ. ಒಬ್ಬ ಅಜ್ಜಿ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದರು. ಎಷ್ಟು ಜನ ಒಳಗಿದ್ದಾರೆ ಅಂತ ಒಬ್ಬರು ನನ್ನ ಕಿವಿಯಲ್ಲಿ ಕೇಳಿದರು. ಡಬ್ಬಿಯಲ್ಲಿ ಆರು ಬಂಗುಡೆ ಇದೆ ಅಂತ ನನಗೆ ಗೊತ್ತಿತ್ತು, ಆದರೆ ನಾನೂ ಬಗ್ಗಿ ಎರಡು ಕೈಯಲ್ಲಿ ಹಿಮ ಗೋರತೊಡಗಿದೆ.

ಡಬ್ಬಿ ಸಿಕ್ಕಿದ್ದು ಅಮ್ಮನ ಕೈಗೆ. ಹುಟ್ಟಿದಾಗಿನಿಂದ ಮೀನು ಮುಟ್ಟಿದವಳಲ್ಲ. ಅಂಥವಳು ಅದನ್ನು ಎರಡೂ ಕೈಯಲ್ಲಿ ಮೇಲೆತ್ತಿ, "ಸಿಕ್ತು" ಅಂದಳು. ಸುತ್ತ ನಿಂತವರಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅಂಕಲ್ ಮುಚ್ಚಳ ತೆಗೆದು ತೋರಿಸಿದರು. ಪ್ರಾರ್ಥನೆ ಮಾಡುತ್ತಿದ್ದ ಅಜ್ಜಿ ಕಣ್ಣು ತೆರೆದು, ಬಗ್ಗಿ ನೋಡಿ, ಮೊದಲು ತಾವೇ ಚಪ್ಪಾಳೆ ತಟ್ಟಿದರು.

ಅಷ್ಟು ಜನ ಅಗೆದ ಮೇಲೆ ಒಬ್ಬರೇ ತಿನ್ನುವುದು ಹೇಗೆ. ಅಂಕಲ್ ಪಾಲಿಗೆ ಬಂದಿದ್ದು ಒಂದು ತಲೆ.

ಫೋನು

ಶನಿವಾರ ಬೆಳಿಗ್ಗೆ ಹಿಮ ನಿಂತಿತ್ತು, ರಸ್ತೆ ತೆರೆದಿರಲಿಲ್ಲ. ಎಚ್‌ಆರ್ ಸರ್‌ಗೆ ಫೋನ್ ಮಾಡದೆ ಬೇರೆ ದಾರಿ ಇರಲಿಲ್ಲ.

ನನಗೆ ಫೋನೆಂದರೆ ಭಯ. ಪಿಜ್ಜಾ ಬೇಕಾದರೂ ಅಪ್ಪನ ಹತ್ತಿರ ಮಾಡಿಸುತ್ತೇನೆ. ಹೋಟೆಲಿನ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಹನ್ನೊಂದು ಸಾಲು ಬರೆದುಕೊಂಡು, ಬಾತ್‌ರೂಮಿನಲ್ಲಿ ನಿಂತು ನಾಲ್ಕು ಸಲ ಓದಿದೆ. ಜ್ವರ ಅಂತ ಹೇಳಿಬಿಡು ಅಂದಳು ಅಮ್ಮ. ಅನಿವಾರ್ಯ ತಾಂತ್ರಿಕ ಕಾರಣ ಅನ್ನು ಅಂದರು ಅಪ್ಪ. ಅಂಕಲ್ ಮಾತ್ರ, "ಇದ್ದದ್ದು ಹೇಳು ಮಗಾ. ಸುಳ್ಳು ಹೇಳಿದ್ರೆ ಆಮೇಲೆ ಅದನ್ನು ನೆನಪಿಟ್ಟುಕೊಳ್ಳುವ ಕೆಲಸ ಬೇರೆ" ಅಂದರು.

ಮಾಡಿದೆ. ಎಚ್‌ಆರ್ ಸರ್ ಎತ್ತಿದರು, ಬಹಳ ಸಣ್ಣ ದನಿಯಲ್ಲಿ. ನಾನು ಮೊದಲ ಸಾಲು ಓದಿದೆ. ನಾನು ಓದುತ್ತಿದ್ದಾಗ ನಮ್ಮ ಕಿಟಕಿಯ ಹೊರಗೆ ಹಿಮ ತೆಗೆಯುವ ಗಾಡಿ ಹಿಂದೆ ಸರಿಯುತ್ತ ಬೀಪ್ ಬೀಪ್ ಅನ್ನುತ್ತಿತ್ತು. ಎರಡನೆಯ ಸಾಲಿಗೆ ಬಂದಾಗ ಅನುಮಾನ ಬಂತು. ಆ ಬೀಪ್ ಬೀಪ್ ನನ್ನ ಬಲಗಿವಿಯಲ್ಲಿ ಕಿಟಕಿಯಿಂದ ಕೇಳುತ್ತಿತ್ತು, ಎಡಗಿವಿಯಲ್ಲಿ ಫೋನಿನಿಂದ ಕೇಳುತ್ತಿತ್ತು. ಗಾಡಿ ನಿಂತಿತು. ಎರಡೂ ಕಿವಿಯಲ್ಲಿ ಒಟ್ಟಿಗೇ ನಿಂತಿತು.

ಉಳಿದ ಒಂಬತ್ತು ಸಾಲು ಮರೆತುಹೋಯಿತು. "ಸರ್, ನೀವು ಎಲ್ಲಿದ್ದೀರಿ?" ಅಂದೆ.

ಆ ಕಡೆಯಿಂದ ಒಂದು ನಿಟ್ಟುಸಿರು ಬಂತು. ಅವರು ನಮ್ಮ ಎದುರಿನ ಹೋಟೆಲಿನಲ್ಲಿದ್ದರು, ಹೆಂಡತಿ ಮಕ್ಕಳ ಸಮೇತ, ಬುಧವಾರದಿಂದ. ಇಕಾಮಾ, ಅಂದರೆ ಕುವೈತಿನ ವಾಸದ ಪರವಾನಗಿ, ಇದ್ದವರಿಗೆ ವೀಸಾದ ರಗಳೆ ಇಲ್ಲದ ದೇಶ, ಅರ್ಧ ಕುವೈತ್ ಅಲ್ಲೇ ಇತ್ತು, ಅವರೊಬ್ಬರು ಇದ್ದಿದ್ದರಲ್ಲಿ ತಪ್ಪೇನೂ ಇಲ್ಲ. ಕಷ್ಟ ಬೇರೆ ಇತ್ತು. ರಜೆಯಲ್ಲಿ ಯಾರೂ ದೇಶ ಬಿಟ್ಟು ಹೋಗಕೂಡದು, ಭಾನುವಾರ ಒಬ್ಬರೂ ತಪ್ಪಕೂಡದು ಅಂತ ಇಡೀ ಆಫೀಸಿಗೆ ಸರ್ಕ್ಯುಲರ್ ಕಳಿಸಿದ್ದು ಅವರೇ.

"ನೋಡಿ ಬೇಟಾ" ಅಂದರು, "ನೀವು ಹೇಗೂ ಧೈರ್ಯವಾಗಿ ಮಾತಾಡುತ್ತೀರಿ. ಮ್ಯಾನೇಜರ್ ಮೇಡಂಗೆ ಫೋನ್ ಮಾಡಿ, ನಿಮ್ಮದು ಹೇಳುವಾಗ ಹಾಗೇ ನನ್ನದೂ ಒಂದು ಮಾತು ಹೇಳಿಬಿಡಿ."

ನನ್ನನ್ನು ಧೈರ್ಯವಂತೆ ಅಂದವರು ಅವರೇ ಮೊದಲು. ಆ ಒಂದು ಮಾತಿಗೆ ಮರುಳಾಗಿ ಒಪ್ಪಿಕೊಂಡೆ. ಮೇಡಂ ಫೋನ್ ಎತ್ತಿ, ಯಾರು ನೀವು ಅಂತ ಕೇಳಿದರು. ನಾಳೆ ಸೇರಬೇಕಾದವಳು ಅಂದೆ.

"ಕೆಲಸಕ್ಕೇ ಸೇರಿಲ್ಲ, ಆಗಲೇ ರಜೆ ಕೇಳುತ್ತಿದ್ದೀಯಾ?"

"ಹೌದು ಮೇಡಂ" ಅಂದೆ. "ಇಬ್ಬರಿಗೆ."

ಎಲ್ಲ ಹೇಳಿದೆ, ಕಾಗದ ನೋಡದೆ. ಮೇಡಂ ಆ ಕಡೆ ಕೆಮ್ಮಿದರೋ ನಕ್ಕರೋ ಗೊತ್ತಾಗಲಿಲ್ಲ. ರಸ್ತೆ ತೆರೆದಾಗ ಇಬ್ಬರೂ ಬನ್ನಿ, ಆ ಕುರ್ಚಿ ನಿನ್ನದೇ, ಅವರಿಗೆ ನನ್ನ ಸಲಾಂ ಹೇಳು ಅಂತ ಫೋನಿಟ್ಟರು. ನಾನು ಹಾಸಿಗೆಯ ಮೇಲೆ ಕೂತೆ. ಅಷ್ಟೂ ದಿನ ಪಕ್ಕದಲ್ಲೇ ಇದ್ದ ಆ ಮುಂದಿನ ಹುಡುಗಿ ಎದ್ದು ಹೋಗಿದ್ದಳು. ಸಂಜೆ ರಸ್ತೆ ತೆರೆಯಿತು. ಭಾನುವಾರ ಕುವೈತಿನಲ್ಲಿ ಇಳಿದಾಗ ಸೊಗಸಾದ ಬಿಸಿಲು. ಅಮ್ಮ ಪಾರ್ಕಿಂಗಿನಲ್ಲೇ ಸುಮ್ಮನೆ ಐದು ನಿಮಿಷ ಬೆನ್ನು ಕಾಯಿಸಿಕೊಂಡು ನಿಂತಳು.

ಸೋಮವಾರ ಏಳು ಗಂಟೆಗೇ ಆಫೀಸಿನಲ್ಲಿದ್ದೆ. ಮೇಡಂ ಕರೆದು ನನ್ನ ಜೀವನದ ಮೊದಲ ಕೆಲಸ ಕೊಟ್ಟರು: ಸರ್ಕ್ಯುಲರ್ ಮೀರಿ ದೇಶ ಬಿಟ್ಟು ಹೋದದ್ದಕ್ಕೆ ಎಚ್‌ಆರ್ ಸರ್‌ಗೆ ಒಂದು ಮೆಮೋ ಟೈಪ್ ಮಾಡಬೇಕು. ನನಗೆ ಮೆಮೋ ಹೇಗಿರುತ್ತದೆ ಅಂತಲೇ ಗೊತ್ತಿರಲಿಲ್ಲ. ಪಕ್ಕದವರನ್ನು ಕೇಳಿದೆ. ಮೆಮೋ ಬರೆಯುವುದೆಲ್ಲ ಎಚ್‌ಆರ್ ಕೆಲಸ, ಅವರನ್ನೇ ಕೇಳಿ ಅಂದರು.

ಕೇಳಿದೆ. ಪಾಪ, ಅವರು ಕನ್ನಡಕ ಹಾಕಿಕೊಂಡು, ನಾನು ಬರೆದದ್ದನ್ನು ನಿಧಾನವಾಗಿ ಓದಿ, ಇದು ತೀರಾ ಮೆತ್ತಗಾಯಿತು ಬೇಟಾ, ಹೀಗೆ ಬರೆದರೆ ಯಾರೂ ಹೆದರುವುದಿಲ್ಲ ಅಂತ ಹೇಳಿ, ತಾವೇ ಕೂತು ಎರಡು ಕಡೆ ಗಟ್ಟಿ ಮಾಡಿಕೊಟ್ಟರು.