ಸಹಿ ಮಾಡುವ ಮೂಗು

ಲ್ಯಾಬಿನಲ್ಲಿ ಕೆಲಸ ಮಾಡುವವರು ತಪ್ಪು ಮಾಡುವುದಿಲ್ಲ ಎಂಬ ನಂಬಿಕೆ ಜನರಲ್ಲಿದೆ. ನಮ್ಮ ಲ್ಯಾಬಿಗೆ ಒಮ್ಮೆ ಬಂದು ಹೋದವರಲ್ಲಿ ಇಲ್ಲ. ರೋಣದಲ್ಲಿ ನಮ್ಮದು ಎರಡು ಕೋಣೆಯ ಲ್ಯಾಬು. ಬಿಯರ್ ತಯಾರಿಕೆಗೆ ಹೋಗುವ ಕಾಳನ್ನೂ, ಒಮ್ಮೊಮ್ಮೆ ಬಿಯರನ್ನೂ ಪರೀಕ್ಷಿಸುತ್ತೇವೆ. ಪರೀಕ್ಷಿಸುವವನು ನಾನು. ಆದರೆ ವರದಿಗೆ ಸಹಿ ಹಾಕುವ ಅಧಿಕಾರ ನಾಲ್ಕು ವರ್ಷವಾದರೂ ನನಗೆ ಸಿಕ್ಕಿರಲಿಲ್ಲ. ಪ್ರತಿ ಕಾಗದವೂ ಸಹಿಗಾಗಿ ಹುಬ್ಬಳ್ಳಿಯ ಮುಖ್ಯ ಕಚೇರಿಗೆ ಹೋಗಿ ಬರುತ್ತಿತ್ತು. ಕಾರಣಗಳು ಇಲ್ಲದಿರಲಿಲ್ಲ.

ನರಗುಂದದ ಹಲ್ಲು

ನರಗುಂದದ ವ್ಯಾಪಾರಿಯೊಬ್ಬರು ಗೋವಿನಜೋಳದ ಲಾರಿ ತಂದರು. ಒಂದು ಕಾಳನ್ನು ಕಟಕ್ಕೆಂದು ಕಡಿದು, "ತೇವ ಹದಿಮೂರು ಐತ್ರಿ" ಎಂದರು. ನಾನು ನಕ್ಕೆ. ಬೀಸಿ, ತೂಗಿ, ಓವನ್ನಿನಲ್ಲಿ ಗಂಟೆಗಟ್ಟಲೆ ಒಣಗಿಸಿ, ಮತ್ತೆ ತೂಗಿ, "ಹದಿನಾರು ಪರ್ಸೆಂಟ್, ಹೆಚ್ಚಾತು. ಲಾರಿ ವಾಪಸ್" ಎಂದೆ.

"ಬಟ್ಟಲಾ ಇನ್ನೂ ಸುಡಾಕತ್ತೈತಲ್ರಿ. ಆರಿಸಿ ತೂಗಂಗಿಲ್ಲೇನ್ರಿ?"

ಬಿಸಿ ಬಟ್ಟಲು ತಕ್ಕಡಿಯಲ್ಲಿ ಹಗುರ ತೋರುತ್ತದೆ; ತೂಕ ಇಳಿದಷ್ಟೂ ತೇವ ಹೆಚ್ಚೆಂದು ಲೆಕ್ಕ ಬರುತ್ತದೆ. ಇದು ಮೊದಲ ವರ್ಷದ ಪಾಠ. ಆರಿಸಿ ತೂಗಿದೆ. ಹದಿಮೂರು.

"ಮಷಿನ್ ಚಲೋ ಐತಿ ಬಿಡ್ರಿ" ಎಂದು ಅವರು ಸಮಾಧಾನ ಹೇಳಿದರು. "ನನಗ ಎರಡ ಹಲ್ಲ ಉಳದಾವು. ಅವೂ ಬಿದ್ದಮ್ಯಾಲೆ ನಿಮ್ಮ ಕಡೇನ ಬರ್ತೇನಿ."

ಗಜೇಂದ್ರಗಡದ ಒಗ್ಗರಣೆ

ಬಾರ್ಲಿ ಮೊಳೆತರೆ ಮಾತ್ರ ಬಿಯರಿಗೆ ಬರುತ್ತದೆ. ಅದಕ್ಕೆ ನೂರು ಕಾಳು ಎಣಿಸಿ ಒದ್ದೆ ಮಾಡಿಟ್ಟು, ಮೂರು ದಿನದಲ್ಲಿ ಎಷ್ಟು ಮೊಳೆತವೆಂದು ನೋಡಬೇಕು. ಲ್ಯಾಬಿನಲ್ಲಿ ಇಲಿ ಕಾಟವೆಂದು ತಟ್ಟೆಯನ್ನು ಗಜೇಂದ್ರಗಡದ ನಮ್ಮ ಮನೆಗೆ ಒಯ್ದಿಟ್ಟೆ. ಮೂರನೆಯ ದಿನ ಊಟದಲ್ಲಿ ಹಲ್ಲಿನ ಸಂದಿಗೆ ಹೊಟ್ಟು ಸಿಕ್ಕಿಕೊಂಡಿತು.

"ಇದೇನಿದು?"

"ನೀವ ನೆನಿ ಇಟ್ಟ ಮರ್ತಿದ್ರಲ್ಲ, ಆ ಕಾಳ್ರೀ. ಹೆಸರಕಾಳಿನ ಉಸುಳ್ಯಾಗ ಹಾಕೇನಿ" ಎಂದಳು ಹೆಂಡತಿ.

"ಅಯ್ಯ, ಮೊಳಕಿ ಎಣಸೋದಿತ್ತಲ್ಲ!"

"ನಾಕ ಕಾಳ ಮೊಳಕಿ ಒಡದಿದ್ದಿಲ್ಲ. ಆರಿಸಿ ಒಗದೇನಿ."

ತೊಂಬತ್ತಾರು ಎಂದು ವರದಿ ಬರೆದೆ. ಉಪ್ಪು ಕಡಿಮೆ ಎಂದು ಬರೆಯಲಿಲ್ಲ. ಸಂಜೆ ಮನೆಗೆ ಹೋಗುವುದಿತ್ತು.

ರೋಣದ ಮೂರು ಗ್ಲಾಸು

ಕೊನೆಗೂ ಹುಬ್ಬಳ್ಳಿಯ ದೊಡ್ಡ ಸಾಹೇಬರು ನನ್ನ ಮೂಗಿನ ಪರೀಕ್ಷೆಗೆ ಬಂದರು. ಮೂರು ಗ್ಲಾಸುಗಳ ಪೈಕಿ ಎರಡರಲ್ಲಿ ಒಳ್ಳೆಯ ಬಿಯರು, ಒಂದರಲ್ಲಿ ಹಳಸಿದ್ದು. ಹಳಸಿದ್ದನ್ನು ಮೂಸಿ ಹಿಡಿದರೆ ಸಹಿಯ ಅಧಿಕಾರ ನನ್ನದು. ಮೂಗು ಚುರುಕಾಗಿರಲೆಂದು ಒಂದು ವಾರ ಉಳ್ಳಾಗಡ್ಡಿ, ಮಿರ್ಚಿ ಭಜಿ, ಸೆಂಟು ಎಲ್ಲ ಬಿಟ್ಟಿದ್ದೆ.

ಬಣ್ಣ ಕಾಣಬಾರದೆಂದು ಗ್ಲಾಸುಗಳು ಕಪ್ಪು, ಮೇಲೊಂದು ಮುಚ್ಚಳ. ಗ್ಲಾಸು ತೊಳೆಯುವ ಅಕ್ಕ ಮೂರನ್ನೂ ತಂದು ಸಾಲಾಗಿ ಇಟ್ಟರು. ಸಾಹೇಬರು ಆಚೆ ತಿರುಗಿದ್ದೇ ತಡ, ನಾನು ಬಗ್ಗಿ, ಭಕ್ತಿಯಿಂದ ಕಣ್ಣು ಮುಚ್ಚಿ, ಒಂದೊಂದೇ ಮುಚ್ಚಳ ಸರಿಸಿ ಮೂಸಿದೆ.

"ಮೊದಲನೇದ್ರಾಗ ಕಾಳಿನ ಸಿಹಿ ಐತ್ರಿ. ಮೂರನೇದೂ ಹಂಗ. ನಡುವಿಂದು ಹಳಸೇತ್ರಿ. ಹಳಸಿದ ಬಿಯರಿಗೆ ಬರೋ ಹಸಿ ಕಾಗದದ ವಾಸನಿ."

ಸಾಹೇಬರು ಈಚೆ ತಿರುಗಿದರು. ಅವರ ಕೈಯಲ್ಲಿ ಎರಡು ಬಾಟಲಿಗಳಿದ್ದವು. ಎರಡರ ಬಿರಡೆಯನ್ನೂ ಇನ್ನೂ ತೆಗೆದಿರಲಿಲ್ಲ.

"ನಾ ಇನ್ನೂ ಹಾಕೇ ಇಲ್ಲಲ್ರೀ!"

ನಾಲ್ಕು ವರ್ಷವೇನು, ಇನ್ನು ನಿವೃತ್ತಿಯವರೆಗೂ ಸಹಿ ಇಲ್ಲವೆಂದುಕೊಂಡೆ. ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿ ಬಂದು ನಿಂತು, "ತಪ್ಪಾತ್ರೀ ಸಾಹೇಬ್ರ" ಎಂದರು. "ಎರಡ ಒರಸೂದ್ರಾಗ ಅರಿವಿ ತೊಯ್ದ ಹೋತ್ರಿ. ಆ ನಡುವಿನ ಗ್ಲಾಸ ನಿನ್ನಿ ಪೇಪರ್‌ಲೆ ಒರಸೇನ್ರಿ."

ಸಾಹೇಬರು ನಡುವಿನ ಗ್ಲಾಸು ಮೂಸಿದರು. ನನ್ನನ್ನು ನೋಡಿದರು. ಮತ್ತೊಮ್ಮೆ ಮೂಸಿ, "ಇಂಥಾ ಮೂಗು ನಾ ಎಲ್ಲೂ ನೋಡಿಲ್ಲ ಬಿಡ್ರಿ" ಎಂದು ಅಲ್ಲೇ ಆದೇಶ ಬರೆದುಕೊಟ್ಟರು.

ಉಳಿದೆರಡು ಖಾಲಿ ಗ್ಲಾಸುಗಳಿಗೆ ಕಾಳಿನ ಸಿಹಿ ಎಲ್ಲಿಂದ ಬಂತೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.